ಅತಿ ದೊಡ್ಡ ಕೋಚ್ ಯಾರು? ಲೆಡ್ಜರ್ ತೆಗೆದು ನೋಡೋಣ

ಮಕ್ಕಳೇ, ಈ ವಾರ ಒಂದು ಸಣ್ಣ ಪರೀಕ್ಷೆ. ನೋಟ್‌ಬುಕ್ಕಿನ ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ ನಿಮಗೆ ಗೊತ್ತಿರುವ ಹತ್ತು ಆಟಗಾರರ ಹೆಸರು ಬರೆಯಿರಿ. ಬಲಗಡೆ ಅವರಿಗೆ ಆಟ ಕಲಿಸಿದವರ ಹೆಸರು ಬರೆಯಿರಿ. ಎಡಗಡೆಯದು ಎರಡು ನಿಮಿಷದಲ್ಲಿ ತುಂಬುತ್ತದೆ. ಬಲಗಡೆಗೆ ಬಂದಾಗ ತಾತನನ್ನು ಕೇಳುತ್ತೀರಿ, ತಾತ ಕನ್ನಡಕ ಹುಡುಕುತ್ತಾರೆ, ಕೊನೆಗೆ ಇಬ್ಬರೂ ಮೊಬೈಲ್ ಹುಡುಕುತ್ತೀರಿ.

ಈ ಪ್ರಶ್ನೆ ನನ್ನ ತಲೆಗೆ ಬಂದದ್ದು ಅಮೆರಿಕದಿಂದ. ಅಲ್ಲಿ ಕಾಲೇಜು ಓದುತ್ತಿರುವ ನನ್ನ ಮೊಮ್ಮಗ ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಾನೆ. ಮೊನ್ನೆ ಮಾಡಿದಾಗ ಅವನ ಹಿಂದೆ ಭಾರಿ ಗಲಾಟೆ. "ಏನೋ ಅದು, ಸಂತೆ ಸೇರಿದ ಹಾಗಿದೆ?" ಅಂದೆ. "ತಾತ, ಕಾಲೇಜ್ ಫುಟ್‌ಬಾಲ್‌ನಲ್ಲಿ ಅತಿ ದೊಡ್ಡ ಕೋಚ್ ಯಾರು ಅಂತ ನನ್ನ ಫ್ರೆಂಡ್ಸ್ ಜಗಳ ಆಡ್ತಿದಾರೆ. ನಮ್ಮ ಕಡೆ ಯಾರು ತಾತ?" ಅಂದ.

ಅಲ್ಲಿನ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಚೆಂಡು ಸಿಪ್ಪೆ ಸುಲಿಯದ ತೆಂಗಿನಕಾಯಿಯ ಹಾಗೆ ಎರಡೂ ತುದಿಗೆ ಚೂಪು. ಅದನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು. ಎದುರಿನವರು ಹಿಡಿದು ಕೆಡವಬೇಕು. ತಲೆಗೆ ಹೆಲ್ಮೆಟ್, ಹೆಗಲಿಗೆ ದಪ್ಪ ದಪ್ಪ ಮೆತ್ತೆ. ಕಾಲೇಜು ತಂಡಗಳ ಈ ಆಟಕ್ಕೆ ಅಲ್ಲಿ ಎಷ್ಟು ಜನ ಸೇರುತ್ತಾರೆ ಗೊತ್ತೆ? ಮಿಶಿಗನ್ ವಿಶ್ವವಿದ್ಯಾಲಯದ ಒಂದು ಸ್ಟೇಡಿಯಂನಲ್ಲೇ 1 ಲಕ್ಷ 7 ಸಾವಿರ ಜನ ಕೂರಬಹುದು. ನಮ್ಮ ಹೊಳೆನರಸೀಪುರ ಪಟ್ಟಣದವರನ್ನೆಲ್ಲ ಕರೆದುಕೊಂಡು ಹೋಗಿ ಕೂರಿಸಿದರೂ ಇನ್ನೂ ಜಾಗ ಉಳಿಯುತ್ತದೆ.

ಇಷ್ಟು ಜನ ನೋಡುವ ಆಟವಾದ್ದರಿಂದ ಅಲ್ಲಿ ಕೋಚ್‌ಗೂ ಸಿನಿಮಾ ನಟನಷ್ಟೇ ಹೆಸರು. ಅಲಬಾಮಾ ವಿಶ್ವವಿದ್ಯಾಲಯದ ಬೇರ್ ಬ್ರಯಂಟ್ 323 ಪಂದ್ಯ ಗೆಲ್ಲಿಸಿದವರು. ಅದೇ ಅಲಬಾಮಾದಲ್ಲಿ ಬಹುಕಾಲ ಇದ್ದು 2024ರ ಜನವರಿಯಲ್ಲಿ ನಿವೃತ್ತರಾದ ನಿಕ್ ಸೇಬನ್ ಒಟ್ಟು 7 ಬಾರಿ ರಾಷ್ಟ್ರೀಯ ಪಟ್ಟ ಗೆದ್ದವರು. ಒಬ್ಬ ಹುಡುಗ ಬ್ರಯಂಟ್ ಅಂದರೆ ಇನ್ನೊಬ್ಬ ಸೇಬನ್ ಅನ್ನುತ್ತಾನೆ. ಜಗಳ ಮುಗಿಯುವುದಿಲ್ಲ.

ನಾನು ಆ ಪ್ರಶ್ನೆಯನ್ನು ಹಾಗೆಯೇ ಜೇಬಿನಲ್ಲಿಟ್ಟುಕೊಂಡು ಸಂಜೆ ನಮ್ಮ ಅರಳಿಕಟ್ಟೆಗೆ ಹೋದೆ. ಹರದನಹಳ್ಳಿ ಅಂದರೆ ಹೊರಗಿನವರಿಗೆ ಮಾಜಿ ಪ್ರಧಾನಿ ದೇವೇಗೌಡರು ಹುಟ್ಟಿದ ಊರು. ಹಾಗಾಗಿ ಇಲ್ಲಿ ನಾಲ್ಕು ಜನ ಸೇರಿದರೆ ರಾಜಕೀಯವೇ ಮಾತು ಅಂತ ಎಲ್ಲರೂ ತಿಳಿದಿದ್ದಾರೆ. ಅದೇನೂ ಸುಳ್ಳಲ್ಲ. ಆದರೆ ಆ ಸಂಜೆ ಮಾತ್ರ ರಾಜಕೀಯ ಬದಿಗೆ ಸರಿಯಿತು.

"ನಮ್ಮ ಕಡೆ ಅತಿ ದೊಡ್ಡ ಕೋಚ್ ಯಾರು?" ಅಂತ ಕೇಳಿದ್ದೇ ತಡ, ಕ್ರಿಕೆಟ್ ಬ್ಯಾಟು ಹಿಡಿದು ನಿಂತಿದ್ದ ಹುಡುಗರೆಲ್ಲ ಒಂದೇ ಕೊರಳಲ್ಲಿ "ದ್ರಾವಿಡ್!" ಅಂದರು. ಕೆ.ಎಸ್‌.ಆರ್‌.ಟಿ.ಸಿ.ಯಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರೊಬ್ಬರು ತಲೆ ಅಲ್ಲಾಡಿಸಿ, "ಪುರುಷೋತ್ತಮ ರೈ ಹೆಸರು ಕೇಳಿದೀರೇನ್ರೋ? ಅಶ್ವಿನಿ ನಾಚಪ್ಪನ ಓಡಿಸಿದವರು" ಅಂದರು. ನಿವೃತ್ತ ಮೇಷ್ಟ್ರು ಒಬ್ಬರು, "ಇವರೆಲ್ಲರಿಗಿಂತ ಮೊದಲು ಹೈದರಾಬಾದಿನ ರಹೀಂ ಸಾಹೇಬರು ಕಣ್ರಯ್ಯಾ" ಅಂದರು. ಒಬ್ಬೊಬ್ಬರ ದನಿಯೂ ಏರಿತು. ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ಹೋಯಿತು.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜೀವನ ಸವೆಸಿದವನು. ದನಿ ಏರಿಸಿದರೆ ಲೆಕ್ಕ ಸರಿಹೋಗುವುದಿಲ್ಲ ಎಂದು ನನಗೆ ಗೊತ್ತು. "ಸ್ವಲ್ಪ ತಾಳಿ, ಪ್ರತಿಯೊಬ್ಬರಿಗೂ ಒಂದೊಂದು ಲೆಡ್ಜರ್ ಪುಟ ತೆರೆಯೋಣ" ಅಂದೆ. ಹುಡುಗನೊಬ್ಬ ಓಡಿ ಹೋಗಿ ಲೆಕ್ಕದ ನೋಟ್‌ಬುಕ್ ತಂದ. ನಾಲ್ಕು ಕಾಲಂ ಎಳೆದೆವು.

ಒಂದು, ಆರಂಭದ ಶಿಲ್ಕು. ಕೋಚ್ ಕೈಗೆ ತಂಡ ಬಂದಾಗ ಅದು ಎಂಥ ಸ್ಥಿತಿಯಲ್ಲಿತ್ತು? ಎರಡು, ಕೊನೆಯ ಶಿಲ್ಕು. ಬಿಟ್ಟು ಹೋಗುವಾಗ ಹೇಗಿತ್ತು? ಮೂರು, ಖರ್ಚು. ಅದಕ್ಕಾಗಿ ಅವರು ತಮ್ಮಿಂದ ಏನು ಕೊಟ್ಟರು? ನಾಲ್ಕನೆಯದಕ್ಕೆ 'ಇತರೆ' ಅಂತ ಹೆಸರಿಟ್ಟೆವು. ಗೆಲ್ಲದವರ ಗತಿ, ತಂಡಕ್ಕೆ ಆಯ್ಕೆಯಾಗದವರ ಗತಿ ಏನಾಯಿತು ಅನ್ನುವುದು ಅದರಲ್ಲಿ ಬರಬೇಕು.

ಬ್ಯಾಂಕಿನಲ್ಲಿ ಒಬ್ಬರ ಖಾತೆಯಲ್ಲಿ ಒಂದು ಲಕ್ಷ ಇದೆ ಅಂದ ಮಾತ್ರಕ್ಕೆ ಅವರು ಜಾಣರು ಅನ್ನಲಾಗುವುದಿಲ್ಲ. ಅಪ್ಪ ಇಟ್ಟು ಹೋದ ಎರಡು ಲಕ್ಷದಲ್ಲಿ ಉಳಿದದ್ದು ಅದಾಗಿರಬಹುದು. ಇನ್ನೊಬ್ಬರು ಹತ್ತು ರೂಪಾಯಿಯಿಂದ ಶುರುಮಾಡಿ ಹತ್ತು ಸಾವಿರ ಮಾಡಿರಬಹುದು. ಕೋಚ್‌ಗಳ ಲೆಕ್ಕವೂ ಹಾಗೆಯೇ.

ಮೊದಲ ಪುಟ ಸೈಯದ್ ಅಬ್ದುಲ್ ರಹೀಂ ಅವರದು. ಇವರು ವೃತ್ತಿಯಲ್ಲಿ ಶಾಲಾ ಮೇಷ್ಟ್ರು. 1950ರಿಂದ ಭಾರತ ಫುಟ್‌ಬಾಲ್ ತಂಡದ ಹೊಣೆ ಹೊತ್ತವರು. 1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಬಂತು. ಆದರೆ ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಬಡಿಯಿತು. ನಮ್ಮವರಲ್ಲಿ ಹೆಚ್ಚಿನವರು ಆಗ ಬರಿಗಾಲಿನಲ್ಲಿ ಆಡುತ್ತಿದ್ದರು. ಅಂಥ ತಂಡವನ್ನು ಇಟ್ಟುಕೊಂಡು ಅವರು ನಾಲ್ಕೇ ವರ್ಷದಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ತಂದು ನಿಲ್ಲಿಸಿದರು. ಆತಿಥೇಯ ಆಸ್ಟ್ರೇಲಿಯಾವನ್ನೇ 4-2ರಿಂದ ಸೋಲಿಸಿದ ಒಲಿಂಪಿಕ್ಸ್ ಅದು.

ಹೇಗೆ ಕಲಿಸುತ್ತಿದ್ದರು ಗೊತ್ತೆ? ಬಲಗಾಲಿನ ಆಟಗಾರ ಎಡಗಾಲಿನಲ್ಲೇ ಒದೆಯಬೇಕು ಅನ್ನುವ ಪಂದ್ಯಾವಳಿ ನಡೆಸುತ್ತಿದ್ದರು. ಚೆಂಡನ್ನು ಒಬ್ಬನೇ ಇಟ್ಟುಕೊಂಡು ಕುಣಿಸುವಂತಿಲ್ಲ, ಬಂದ ಕೂಡಲೇ ಜೊತೆಯವನಿಗೆ ಕೊಡಬೇಕು ಅನ್ನುವ ಪಂದ್ಯಾವಳಿಯನ್ನೂ ನಡೆಸಿದರು. ನೀವೂ ಒಂದು ದಿನ ಹಾಗೆ ಆಡಿ ನೋಡಿ, ಎಷ್ಟು ಕಷ್ಟ ಅಂತ ತಿಳಿಯುತ್ತದೆ.

1962ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್. ಆಗ ನಾನು ಮಿಡ್ಲ್ ಸ್ಕೂಲ್ ಹುಡುಗ. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾದ ಎದುರು 0-2 ಸೋಲು. ನಡುವೆ ಒಂದು ಪಂದ್ಯದಲ್ಲಿ ರಕ್ಷಣೆಯ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ರಹೀಂ ಸಾಹೇಬರು ಅವರನ್ನು ಮನೆಗೆ ಕಳಿಸಲಿಲ್ಲ. ಹಿಂದಿನಿಂದ ಮುಂದಕ್ಕೆ ತಂದು ಫಾರ್ವರ್ಡ್ ಆಗಿ ಆಡಿಸಿದರು. ಫೈನಲ್‌ನಲ್ಲಿ ಎದುರಾದದ್ದು ಅದೇ ದಕ್ಷಿಣ ಕೊರಿಯಾ. ಪಿ.ಕೆ. ಬ್ಯಾನರ್ಜಿ ಒಂದು ಗೋಲು, ಜರ್ನೈಲ್ ಸಿಂಗ್ ಒಂದು ಗೋಲು, ಭಾರತಕ್ಕೆ 2-1 ಗೆಲುವು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅರುಮೈನಾಯಗಂ ಕೂಡ ಇದ್ದರು. ಆ ಹೊತ್ತಿಗೆ ರಹೀಂ ಸಾಹೇಬರಿಗೆ ಕ್ಯಾನ್ಸರ್. ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಪುರುಷರಿಗೆ ಅಂದಿನಿಂದ ಇಂದಿನವರೆಗೆ ಇನ್ನೊಂದು ಚಿನ್ನ ಬಂದಿಲ್ಲ.

ಖರ್ಚಿನ ಕಾಲಂನಲ್ಲಿ ಏನು ಬರೆಯುವುದು ಅಂತ ನೋಟ್‌ಬುಕ್ ಹಿಡಿದ ಹುಡುಗ ಕೇಳಿದ. "ಪ್ರಾಣ ಇರುವ ತನಕ ಅಂತ ಬರಿ" ಅಂದರು ಮೇಷ್ಟ್ರು.

ಎರಡನೇ ಪುಟ ಪುರುಷೋತ್ತಮ ರೈ ಅವರದು. ತಾತ ಅಜ್ಜಿಯರಿಗೆ 1980ರ ದಶಕ ನೆನಪಿರುತ್ತದೆ. ಆಗ ಓಟ ಅಂದರೆ ಪಿ.ಟಿ. ಉಷಾ. ಆ ಉಷಾ ಅವರ ಪಕ್ಕದ ಲೇನಿನಲ್ಲಿ ನಿಂತು, ಅವರನ್ನೇ ಹಿಂದೆ ಹಾಕಿದವರು ಕೊಡಗಿನ ಹುಡುಗಿ ಅಶ್ವಿನಿ ನಾಚಪ್ಪ. ಅಶ್ವಿನಿ, ವಂದನಾ ರಾವ್, ಪ್ರಮೀಳಾ, ಹೀಗೆ ಅನೇಕರಿಗೆ ಬೆಂಗಳೂರಿನಲ್ಲಿ ತರಬೇತಿ ಕೊಟ್ಟವರು ರೈ. ಹೆಣ್ಣುಮಕ್ಕಳು ಚಡ್ಡಿ ತೊಟ್ಟು ಓಡುವುದೆಂದರೆ ಊರೆಲ್ಲ ಗುಸುಗುಸು ಮಾಡುತ್ತಿದ್ದ ಕಾಲ ಅದು. ಅವರ ಆರಂಭದ ಶಿಲ್ಕಿನಲ್ಲಿ ಇದನ್ನೂ ಸೇರಿಸಬೇಕು.

ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಘೋಷಣೆಯಾದದ್ದು 2020ರಲ್ಲಿ. ಕೊರೊನಾ ಕಾಲವಾದ್ದರಿಂದ ಸಮಾರಂಭ ಆನ್‌ಲೈನ್‌ನಲ್ಲಿ, ಆಗಸ್ಟ್ 29ಕ್ಕೆ. ಹಿಂದಿನ ದಿನ, ಆಗಸ್ಟ್ 28ರಂದು ರೈ ಹೃದಯಾಘಾತದಿಂದ ತೀರಿಕೊಂಡರು. ಬ್ಯಾಂಕಿನಲ್ಲಿ ಕೆಲವು ಠೇವಣಿ ಹೀಗೆಯೇ ಮಕ್ಕಳೇ. ಅವಧಿ ಮುಗಿದು ಹಣ ಕೈಗೆ ಬರುವ ಹೊತ್ತಿಗೆ ಖಾತೆದಾರರು ಇರುವುದಿಲ್ಲ. ಈ ವಿಷಯ ಹೇಳುವಾಗ ಕಂಡಕ್ಟರ್ ಸ್ವಲ್ಪ ಹೊತ್ತು ಸುಮ್ಮನಾದರು.

ಮೂರನೇ ಪುಟ ರಾಹುಲ್ ದ್ರಾವಿಡ್ ಅವರದು. ಇಲ್ಲಿ ನಾನು ಹುಡುಗರಿಗೆ ಒಂದು ಆಕ್ಷೇಪಣೆ ಎತ್ತಿದೆ. ಭಾರತದ ಕ್ರಿಕೆಟ್ಟಿನ ಆರಂಭದ ಶಿಲ್ಕು ದೊಡ್ಡದು. ಹಣ ಇದೆ, ಮೈದಾನ ಇದೆ, ಆಡುವವರು ಗಲ್ಲಿ ಗಲ್ಲಿಯಲ್ಲಿ ಇದ್ದಾರೆ. ಹಾಗಿರುವಾಗ 2018ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್, 2024ರಲ್ಲಿ ಟಿ-20 ವಿಶ್ವಕಪ್ ಗೆದ್ದದ್ದು ಕೋಚ್‌ನ ಲೆಕ್ಕಕ್ಕೆ ಎಷ್ಟು ಬರುತ್ತದೆ?

ಹುಡುಗರು ಬಿಡಲಿಲ್ಲ. ಅವರಲ್ಲೊಬ್ಬ ಖರ್ಚಿನ ಕಾಲಂಗೆ ಬೆರಳಿಟ್ಟ. "ತಾತ, 2018ರಲ್ಲಿ ದ್ರಾವಿಡ್‌ಗೆ 50 ಲಕ್ಷ, ಬೇರೆ ಸಿಬ್ಬಂದಿಗೆ 20 ಲಕ್ಷ ಅಂತ ಬೋರ್ಡು ಹೇಳಿತ್ತು. ಅವರು ಎಲ್ಲರಿಗೂ ಒಂದೇ ಕೊಡಿ ಅಂದರು. ಕೊನೆಗೆ ಎಲ್ಲರಿಗೂ 25 ಲಕ್ಷ ಆಯಿತು. 2024ರಲ್ಲೂ ಅವರಿಗೆ 5 ಕೋಟಿ ಅಂದಾಗ, ಉಳಿದ ಕೋಚ್‌ಗಳಿಗೆ ಎರಡೂವರೆ ಕೋಟಿ ಅಲ್ಲವಾ, ನನಗೂ ಅಷ್ಟೇ ಸಾಕು ಅಂದರು." ನಾನು ಪೆನ್ನು ತೆಗೆದು ಎರಡೂ ಸಲದ ಕಡಿತ ಕೂಡಿಸಿದೆ. 2 ಕೋಟಿ 75 ಲಕ್ಷ. ಕೈಗೆ ಬಂದ ಹಣವನ್ನು ಬೇಡ ಅನ್ನುವವರು ನನ್ನ ಕೌಂಟರಿನ ಮುಂದೆ ಅಪರೂಪಕ್ಕೂ ಬಂದದ್ದಿಲ್ಲ.

ಇತರೆ ಕಾಲಂನಲ್ಲಿಯೂ ದ್ರಾವಿಡ್‌ಗೆ ಒಂದು ಜಮಾ ಇದೆ. ಭಾರತ 'ಎ' ತಂಡದ ಜೊತೆ ಪ್ರವಾಸ ಹೋಗುವಾಗ, ಬಂದ ಯಾವ ಹುಡುಗನೂ ಒಂದೂ ಪಂದ್ಯ ಆಡದೆ ವಾಪಸು ಹೋಗುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತಿದ್ದರಂತೆ. ಚಿಕ್ಕವರಾಗಿದ್ದಾಗ ಅವರಿಗೇ ಹಾಗೆ ಬೆಂಚಿನ ಮೇಲೆ ಕೂತು ಬಂದ ಅನುಭವ ಆಗಿತ್ತಂತೆ. ಪೆಟ್ಟು ತಿಂದವರು ಎರಡು ಥರ. ಒಬ್ಬರು ಅದೇ ಪೆಟ್ಟನ್ನು ಮುಂದಿನವರಿಗೆ ಕೊಡುತ್ತಾರೆ, ಇನ್ನೊಬ್ಬರು ಅಲ್ಲಿಗೇ ನಿಲ್ಲಿಸುತ್ತಾರೆ.

ಈ ನಡುವೆ ಒಬ್ಬ ಹುಡುಗ, "ನಮ್ಮ ಕರ್ನಾಟಕ ಫುಟ್‌ಬಾಲ್ ತಂಡ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಅದರ ಕೋಚ್?" ಅಂದ. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ್ದು ನನಗೆ ನೆನಪಿತ್ತು. ಅದಕ್ಕೆ ಹಿಂದಿನ ಗೆಲುವು 1968-69ರದು. ಆಗ ರಾಜ್ಯದ ಹೆಸರೇ ಮೈಸೂರು. ಆದರೆ 2023ರ ಕೋಚ್ ಹೆಸರು ಕಟ್ಟೆಯ ಮೇಲಿದ್ದ ಯಾರಿಗೂ ಬಾಯಿಗೆ ಬರಲಿಲ್ಲ. ಮೊಬೈಲ್ ನೋಡಿ ಹೇಳಬೇಕಾಯಿತು: ರವಿ ಬಾಬು ರಾಜು. ಮಕ್ಕಳೇ, ಬಲಗಡೆ ಸಾಲಿನಲ್ಲಿ ಆ ಹೆಸರನ್ನು ಬರೆದುಕೊಳ್ಳಿ.

ಅಷ್ಟರಲ್ಲಿ ಹೂ ಕಟ್ಟುತ್ತಾ ಕೂತಿದ್ದ ಅಜ್ಜಿಯೊಬ್ಬರು, "ಅದೇನ್ರಪ್ಪಾ, ಕಲಿಸೋರಿಗೆ ಕೊಡೋ ಪ್ರಶಸ್ತಿಗೆ ದ್ರೋಣನ ಹೆಸರು ಯಾಕಿಟ್ರು? ಆ ಏಕಲವ್ಯನ ಹೆಬ್ಬೆಟ್ಟು ಕೇಳ್ದೋನಲ್ವಾ?" ಅಂದರು.

ಒಳ್ಳೆಯ ಪ್ರಶ್ನೆ. ಕೇಂದ್ರ ಸರ್ಕಾರ ಕೋಚ್‌ಗಳಿಗೆ ದ್ರೋಣಾಚಾರ್ಯ ಪ್ರಶಸ್ತಿ ಕೊಡಲು ಶುರುಮಾಡಿದ್ದು 1985ರಲ್ಲಿ. ನಮ್ಮ ಕರ್ನಾಟಕ ಸರ್ಕಾರ ಕ್ರೀಡಾಪಟುಗಳಿಗೆ ಕೊಡುವ ಪ್ರಶಸ್ತಿಯ ಹೆಸರು ಏಕಲವ್ಯ. ನಮ್ಮ ಲೆಡ್ಜರಿನಲ್ಲಿ ದ್ರೋಣರ ಪುಟ ತೆರೆದರೆ ಏನಾಗುತ್ತದೆ? ಆರಂಭದ ಶಿಲ್ಕು ದೊಡ್ಡದು, ಶಿಷ್ಯರೆಲ್ಲ ರಾಜಕುಮಾರರು. ಕೊನೆಯ ಶಿಲ್ಕಿನಲ್ಲಿ ಅರ್ಜುನ ಇದ್ದಾನೆ, ಅದು ದೊಡ್ಡ ಜಮಾ. ಆದರೆ ಇತರೆ ಕಾಲಂನಲ್ಲಿ ಒಂದು ಹೆಬ್ಬೆರಳು ಖರ್ಚು ಬಿದ್ದಿದೆ. ನೋಟ್‌ಬುಕ್ ಹುಡುಗ ಅದನ್ನು ಕೆಂಪು ಶಾಯಿಯಲ್ಲಿ ಬರೆದ. ನಾನು ತಡೆಯಲಿಲ್ಲ.

ಅಮೆರಿಕದ ಮೊಮ್ಮಗನ ಪಟ್ಟಿಯನ್ನೂ ಇದೇ ಲೆಡ್ಜರಿಗೆ ಏರಿಸಿದೆ. ಆಗ ಇನ್ನಿಬ್ಬರ ಹೆಸರು ಮೇಲೆ ಬಂತು. ಒಬ್ಬರು ಎಡ್ಡಿ ರಾಬಿನ್ಸನ್. ಕಪ್ಪು ಜನರನ್ನು ಬಿಳಿಯರ ಕಾಲೇಜಿಗೆ ಸೇರಿಸದ ಕಾಲದಲ್ಲಿ, 1941ರಲ್ಲಿ, ಲೂಸಿಯಾನಾದ ಗ್ರಾಂಬ್ಲಿಂಗ್ ಎಂಬ ಕಪ್ಪು ವಿದ್ಯಾರ್ಥಿಗಳ ಕಾಲೇಜಿಗೆ ಕೋಚ್ ಆಗಿ ಸೇರಿದವರು. ಮೊದಮೊದಲು ಮೈದಾನಕ್ಕೆ ಗೆರೆ ಎಳೆಯುವುದೂ ಅವರೇ, ಪಂದ್ಯದ ವರದಿ ಪತ್ರಿಕೆಗೆ ಬರೆಯುವುದೂ ಅವರೇ. ದಾರಿಯ ಹೋಟೆಲುಗಳಲ್ಲಿ ಕಪ್ಪು ಹುಡುಗರಿಗೆ ಊಟ ಕೊಡುತ್ತಿರಲಿಲ್ಲವಾದ್ದರಿಂದ ಬ್ರೆಡ್ಡಿನ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. 1997ರಲ್ಲಿ ನಿವೃತ್ತರಾಗುವ ಹೊತ್ತಿಗೆ 408 ಗೆಲುವು.

ಇನ್ನೊಬ್ಬರು ಮಿನೆಸೋಟಾದ ಒಂದು ಸಣ್ಣ ಕಾಲೇಜಿನ ಜಾನ್ ಗಲಾರ್ಡಿ. ಯುದ್ಧಕ್ಕೆ ಕರೆ ಬಂದು ಶಾಲೆಯ ಕೋಚ್ ಹೊರಟು ಹೋದಾಗ 16 ವರ್ಷದ ಈ ಹುಡುಗನೇ ತಂಡವನ್ನು ನೋಡಿಕೊಂಡ. ಹಾಗೆ ಶುರುವಾದದ್ದು 86ನೇ ವಯಸ್ಸಿನವರೆಗೆ ನಡೆಯಿತು. ಒಟ್ಟು 489 ಗೆಲುವು. ಅಲ್ಲಿನ ಕಾಲೇಜು ಫುಟ್‌ಬಾಲ್‌ನಲ್ಲಿ ಅಷ್ಟು ಗೆದ್ದವರು ಬೇರೆ ಯಾರೂ ಇಲ್ಲ. ಅವರು ಸೀಟಿ ಊದುತ್ತಿರಲಿಲ್ಲ. ಹುಡುಗರು ಕೋಚ್ ಅನ್ನದೆ ಜಾನ್ ಎಂದೇ ಕರೆಯಬೇಕಿತ್ತು. ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಕೆಡವಲು ಬಿಡುತ್ತಿರಲಿಲ್ಲ, ಪೆಟ್ಟಾದೀತು ಅಂತ. ಆಡಲು ಬಂದ ಯಾರನ್ನೂ ಬೇಡ ಅಂತ ವಾಪಸು ಕಳಿಸುತ್ತಿರಲಿಲ್ಲ. ಇತರೆ ಕಾಲಂ ತುಂಬಿದ ಮೇಲೂ ಒಬ್ಬರು ಇಷ್ಟು ಗೆಲ್ಲಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕೊನೆಗೆ ಓಟು ಹಾಕುವ ಹೊತ್ತು ಬಂತು. ನಮ್ಮ ದೇಶದ ಮೂವರಲ್ಲಿ ನನ್ನ ಓಟು ರಹೀಂ ಸಾಹೇಬರಿಗೆ. ಅಷ್ಟು ಕಡಿಮೆ ಶಿಲ್ಕಿನಿಂದ ಅಷ್ಟು ಎತ್ತರಕ್ಕೆ ಒಯ್ದವರು ಇನ್ನೊಬ್ಬರು ನನಗೆ ಕಾಣಲಿಲ್ಲ. ಹುಡುಗರು ದ್ರಾವಿಡ್ ಬಿಡಲಿಲ್ಲ, ಕಂಡಕ್ಟರ್ ರೈ ಅವರನ್ನು ಬಿಡಲಿಲ್ಲ.

ಆಗ ಮೂಲೆಯಲ್ಲಿ ನಿಂತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು, "ತಾತ, ನಮ್ಮ ಪಿ.ಟಿ. ಮಿಸ್‌ಗೂ ಒಂದು ಪುಟ ಹಾಕಿ" ಅಂದಳು. ಹುಡುಗರು ನಕ್ಕರು. "ನಿಮ್ಮ ಮಿಸ್ ಯಾವ ಕಪ್ ಗೆಲ್ಲಿಸಿದಾರೆ?" ಅಂದ ಒಬ್ಬ.

"ಯಾವುದೂ ಇಲ್ಲ" ಅಂದಳು. "ತಾಲ್ಲೂಕು ಮಟ್ಟದ ಖೋ ಖೋದಲ್ಲಿ ಮೊದಲ ಮ್ಯಾಚೇ ಸೋತ್ವಿ. ನನ್ನಿಂದಾನೇ. ಹಿಂದಿನಿಂದ ಖೋ ಅನ್ನೋ ಮೊದಲೇ ಎದ್ದುಬಿಟ್ಟೆ, ಫೌಲ್ ಆಯ್ತು. ಒಂದೇ ಒಂದು ಪಾಯಿಂಟಲ್ಲಿ ಹೋಯ್ತು. ಬಸ್ಸಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಮಿಸ್ ಬಂದು ನನ್ನ ಪಕ್ಕ ಕೂತ್ಕೊಂಡ್ರು. ಅವರೂ ಏನೂ ಮಾತಾಡಲಿಲ್ಲ, ಕಡಲೆಕಾಯಿ ಕೊಟ್ರು ಅಷ್ಟೇ. ಮಾರನೇ ದಿನ ಬೆಳಿಗ್ಗೆ ನಾನು ಗ್ರೌಂಡಿಗೆ ಹೋಗಲ್ಲ ಅಂತ ಮನೇಲೇ ಇದ್ದೆ. ಮಿಸ್ ಮನೆಗೇ ಬಂದು, ಇವತ್ತು ಸೀಟಿ ನಿನ್ನ ಕೈಲಿ, ಎಲ್ಲರನ್ನೂ ನೀನೇ ಓಡಿಸಬೇಕು ಅಂತ ಸೀಟಿ ಕೊಟ್ಟು ಹೋದ್ರು. ಹೋಗಲೇಬೇಕಾಯ್ತು."

ಯಾರೂ ನಗಲಿಲ್ಲ. ನೋಟ್‌ಬುಕ್ ಹುಡುಗ ಹೊಸ ಪುಟ ತಿರುಗಿಸಿದ. ಆರಂಭದ ಶಿಲ್ಕು: ಆಟ ಬಿಡಲು ಹೊರಟ ಒಬ್ಬಳು ಹುಡುಗಿ. ಕೊನೆಯ ಶಿಲ್ಕು: ಅದೇ ಹುಡುಗಿ, ಗ್ರೌಂಡಿನಲ್ಲಿ. ಖರ್ಚು: ಒಂದು ಪೊಟ್ಟಣ ಕಡಲೆಕಾಯಿ. ಪುಟ ಚಿಕ್ಕದು, ಆದರೆ ಟ್ಯಾಲಿ ಆಯಿತು. ರಹೀಂ ಸಾಹೇಬರು ತಲೆಗೆ ಹೊಲಿಗೆ ಬಿದ್ದವನನ್ನು ಮುಂದಕ್ಕೆ ತಂದು ನಿಲ್ಲಿಸಿದ್ದಕ್ಕೂ, ಈ ಮಿಸ್ ಸೋಲಿಸಿದವಳ ಕೈಗೆ ಸೀಟಿ ಕೊಟ್ಟಿದ್ದಕ್ಕೂ ಬುದ್ಧಿ ಒಂದೇ. ಒಬ್ಬರ ಕೆಲಸ ಜಕಾರ್ತಾದಲ್ಲಿ ನಡೆಯಿತು, ಇನ್ನೊಬ್ಬರದು ನಮ್ಮ ಹೊಳೆನರಸೀಪುರ ತಾಲ್ಲೂಕಿನಲ್ಲಿ.

ಇನ್ನು ನಿಮಗೆ ಈ ವಾರದ ಮನೆಗೆಲಸ. ಮಕ್ಕಳೇ, ನಿಮ್ಮ ಪಿ.ಟಿ. ಮೇಷ್ಟ್ರದೋ ಮಿಸ್‌ದೋ ಒಂದು ಪುಟ ತೆರೆಯಿರಿ. ನಾಲ್ಕು ಕಾಲಂ ಎಳೆದು, ನಿಮಗೆ ಕಂಡದ್ದನ್ನು ಮಾತ್ರ ಬರೆಯಿರಿ. ಬರೆದದ್ದನ್ನು ಅವರಿಗೆ ತೋರಿಸಿ. ಪ್ರಶಸ್ತಿ ಕೊಡುವುದು ಸರ್ಕಾರದ ಕೆಲಸ, ಅದಕ್ಕೆ ಎಷ್ಟು ವರ್ಷ ಹಿಡಿಯುತ್ತದೆ ಅಂತ ಮೇಲೆ ಓದಿದ್ದೀರಿ. ನೀವು ತಡ ಮಾಡಬೇಡಿ.

ತಾತ ಅಜ್ಜಿಯರೇ, ನಿಮಗೂ ಒಂದು ಕೆಲಸ. ನಿಮಗೆ ಈಜು, ಕಬಡ್ಡಿ, ಕುಂಟಾಬಿಲ್ಲೆ, ಏನೇ ಇರಲಿ, ಮೊದಲು ಆಡಲು ಕಲಿಸಿದವರು ಯಾರು? ಅಣ್ಣ ಇರಬಹುದು, ಪಕ್ಕದ ಮನೆಯ ಅಕ್ಕ ಇರಬಹುದು, ಖಾಕಿ ಚಡ್ಡಿಯ ಡ್ರಿಲ್ ಮೇಷ್ಟ್ರು ಇರಬಹುದು. ಆ ಹೆಸರನ್ನು ಮೊಮ್ಮಕ್ಕಳಿಗೆ ಹೇಳಿ, ಅವರ ನೋಟ್‌ಬುಕ್ಕಿನ ಬಲಗಡೆ ಸಾಲಿನಲ್ಲಿ ಬರೆಸಿ. ಅವರು ಇನ್ನೂ ಇದ್ದರೆ, ಈ ಭಾನುವಾರ ಒಂದು ಫೋನ್ ಮಾಡಿ.